ಹೋಂಸ್ಟೇಗೆ, ಕಾಫಿಪುಡಿ ಅಂಗಡಿಗೆ ಯಾವ ಡ್ಯಾಶ್‌ಬೋರ್ಡ್ ಸರಿ?

ಕಳೆದ ಮಳೆಗಾಲದಲ್ಲಿ ಒಂದೇ ವಾರ ಇಬ್ಬರು ಒಂದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಬಂದರು. ಒಬ್ಬರು ಮೂಡಿಗೆರೆ ಕಡೆ ಆರು ರೂಮಿನ ಹೋಂಸ್ಟೇ ನಡೆಸುವ ಅಕ್ಕ. ಇನ್ನೊಬ್ಬ ಹಾಸನದಲ್ಲಿ ಕಾಫಿಪುಡಿ ಅಂಗಡಿ ಇಟ್ಟಿರುವ ಗೆಳೆಯ. ಅಂಗಡಿ ವ್ಯಾಪಾರದ ಜೊತೆಗೆ ಬೆಂಗಳೂರು, ಮೈಸೂರಿಗೆ ಕೊರಿಯರ್‌ನಲ್ಲೂ ಪುಡಿ ಕಳಿಸುತ್ತಾನೆ.

ಅಕ್ಕ ಹೇಳಿದ್ದು: "ಬುಕಿಂಗ್ ಸೈಟಿಗೆ ಕಮಿಷನ್ ಕೊಡ್ತೀನಿ, ಇನ್‌ಸ್ಟಾಗ್ರಾಂ ಜಾಹೀರಾತಿಗೂ ದುಡ್ಡು ಹಾಕ್ತೀನಿ. ಯಾವುದರಿಂದ ಎಷ್ಟು ಜನ ಬಂದ್ರು ಅಂತ ಕೇಳಿದ್ರೆ ನನಗೇ ಗೊತ್ತಿಲ್ಲ." ಗೆಳೆಯನದ್ದೂ ಅದೇ ಕಥೆ. ಗಲ್ಲಾದಲ್ಲಿ ದುಡ್ಡು ಓಡಾಡುತ್ತದೆ, ವರ್ಷದ ಕೊನೆಗೆ ಲಾಭ ಎಲ್ಲಿ ಹೋಯಿತು ಅಂತ ಹುಡುಕಬೇಕು. ಇಬ್ಬರಿಗೂ ಯಾರೋ "ಡ್ಯಾಶ್‌ಬೋರ್ಡ್ ಹಾಕಿಸ್ಕೊಳ್ಳಿ" ಅಂದಿದ್ದರು. ಯಾವುದು ಅಂತ ಮಾತ್ರ ಹೇಳಿರಲಿಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಇವರಿಬ್ಬರಿಗಾಗಿ ಕೂತು ಹೋಲಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ. ಡ್ಯಾಶ್‌ಬೋರ್ಡ್ ಅಂದರೆ ದೊಡ್ಡ ವಿಷಯವೇನಲ್ಲ. ವ್ಯಾಪಾರದ ನಾಲ್ಕಾರು ಮುಖ್ಯ ಅಂಕಿ ಒಂದೇ ಪರದೆಯಲ್ಲಿ, ಹೊಸದಾಗಿ, ಸರಿಯಾಗಿ ಕಾಣಬೇಕು, ಅಷ್ಟೇ. ಕಷ್ಟ ಇರೋದು ಆ ನಾಲ್ಕಾರು ಅಂಕಿ ಯಾವುವು, ಅವನ್ನು ದಿನಾ ತುಂಬೋರು ಯಾರು ಅನ್ನೋದರಲ್ಲಿ.

ಮೊದಲು ಅಂಕಿ, ಆಮೇಲೆ ಆ್ಯಪ್

ಹೋಟೆಲ್‌ಗಳಿಗೆ ಮಾಡಿದ ರೆಡಿಮೇಡ್ ಡ್ಯಾಶ್‌ಬೋರ್ಡ್ ತೆರೆದರೆ ಮೊದಲು ಕಾಣೋದು ಎಷ್ಟು ಶೇಕಡಾ ರೂಮು ತುಂಬಿದೆ, ಒಂದು ರೂಮಿಗೆ ಸರಾಸರಿ ಎಷ್ಟು ಬಂತು ಅನ್ನೋದು. ನಮ್ಮ ಮಲೆನಾಡಿನ ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ರೂಮಿಗೆ ಬಾಡಿಗೆ ಇರೋದಿಲ್ಲ. ಊಟ ತಿಂಡಿ ಸೇರಿ ತಲೆಗೆ ಇಷ್ಟು ಅಂತ ಇರುತ್ತದೆ. ಲೆಕ್ಕ ತಪ್ಪೋದು ಇಲ್ಲೇ.

ಒಂದು ಉದಾಹರಣೆ ನೋಡಿ. ತಲೆಗೆ 2,500 ರೂಪಾಯಿ ಇಟ್ಟುಕೊಳ್ಳೋಣ. ಒಂದು ಶನಿವಾರ ಆರೂ ರೂಮು ಭರ್ತಿ, ಎಲ್ಲ ಗಂಡ ಹೆಂಡತಿ ಜೋಡಿಗಳು. 12 ಜನ, 30,000 ರೂಪಾಯಿ. ಮುಂದಿನ ಶನಿವಾರ ನಾಲ್ಕೇ ರೂಮು, ಆದರೆ ಒಂದೊಂದರಲ್ಲಿ ನಾಲ್ಕು ಜನ ಗೆಳೆಯರು. 16 ಜನ, 40,000 ರೂಪಾಯಿ. ರೂಮಿನ ಚಾರ್ಟ್ ಮೊದಲ ಶನಿವಾರವನ್ನು 100 ಶೇಕಡಾ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತದೆ, ಎರಡನೆಯದನ್ನು 67 ಶೇಕಡಾ ಅಂತ ಕೆಂಪಿನಲ್ಲಿ. ಜಾಸ್ತಿ ದುಡ್ಡು ಬಂದದ್ದು ಕೆಂಪು ವಾರದಲ್ಲಿ! ಅಡುಗೆ ಖರ್ಚೂ ಜಾಸ್ತಿಯೇ, ಅದನ್ನೂ ಕಳೆಯಬೇಕು ನಿಜ. ಆದರೂ ಅಕ್ಕನಿಗೆ ಬೇಕಾದ ಅಳತೆ ರೂಮಲ್ಲ, ತಲೆ. ಆ ರಾತ್ರಿ ಎಷ್ಟು ಜನ ಉಳಿದರು, ತಲೆಗೆ ಊಟದ ಖರ್ಚು ಕಳೆದು ಎಷ್ಟು ಉಳಿಯಿತು, ಇದು ಕಾಣಬೇಕು.

ಎರಡನೆಯದು, ಒಂದು ಬುಕಿಂಗ್ ತರೋಕೆ ಎಷ್ಟು ಖರ್ಚಾಯಿತು ಅನ್ನೋದು. ಇನ್‌ಸ್ಟಾಗ್ರಾಂ ಜಾಹೀರಾತಿಗೆ ತಿಂಗಳಿಗೆ 6,000 ಹಾಕಿದಿರಿ ಅಂದುಕೊಳ್ಳಿ. ವಾಟ್ಸಾಪ್‌ನಲ್ಲಿ 60 ಜನ ವಿಚಾರಿಸಿದರು, 8 ಜನ ಅಡ್ವಾನ್ಸ್ ಹಾಕಿದರು. ಒಂದು ಬುಕಿಂಗಿಗೆ 750 ರೂಪಾಯಿ ಬಿತ್ತು. ಇಬ್ಬರು ಒಂದು ರಾತ್ರಿ ಉಳಿದರೆ ಬರೋದು 5,000. ಬುಕಿಂಗ್ ಸೈಟು 20 ಶೇಕಡಾ ಕಮಿಷನ್ ಹಿಡಿದರೆ 1,000 ಹೋಗುತ್ತದೆ. ಆಗ ಜಾಹೀರಾತೇ ಅಗ್ಗ. ಆದರೆ ಅದೇ 60 ಜನರಲ್ಲಿ 4 ಜನ ಮಾತ್ರ ಬುಕ್ ಮಾಡಿದರೆ ಖರ್ಚು 1,500ಕ್ಕೆ ಏರುತ್ತದೆ, ಸೈಟೇ ವಾಸಿ ಅನಿಸುತ್ತದೆ. ಅಂದರೆ ಇಲ್ಲಿ ಕಣ್ಣಿಡಬೇಕಾದ್ದು ವಿಚಾರಿಸಿದವರಲ್ಲಿ ಎಷ್ಟು ಜನ ಬುಕ್ ಮಾಡಿದರು ಅನ್ನೋದರ ಮೇಲೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯ ಜಾಹೀರಾತು ಪುಟ "60 ಫಲಿತಾಂಶ" ಅಂತ ತೋರಿಸಿದರೆ, ಮೆಸೇಜಿಗಾಗಿ ಹಾಕಿದ ಜಾಹೀರಾತಿನಲ್ಲಿ ಅದರ ಅರ್ಥ 60 ಜನ ಮಾತು ಶುರು ಮಾಡಿದರು ಅಂತ. ಅಡ್ವಾನ್ಸ್ ಹಾಕಿದರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಗೊತ್ತಿರೋದು ನಿಮಗೆ ಮಾತ್ರ, ನೀವೇ ಬರೆಯಬೇಕು.

ಕಾಫಿಪುಡಿ ಗೆಳೆಯನ ಲೆಕ್ಕ ಬೇರೆ. 800 ರೂಪಾಯಿಯ ಒಂದು ಕೊರಿಯರ್ ಆರ್ಡರ್, ಅದರಲ್ಲಿ ಬೀಜ, ಚಿಕೋರಿ, ಹುರಿಯೋದು, ಪ್ಯಾಕಿಂಗ್ ಎಲ್ಲ ಕಳೆದು 240 ಉಳಿಯುತ್ತದೆ ಅನ್ನೋಣ. ಕೊರಿಯರ್‌ಗೆ 90. ಆ ಗಿರಾಕಿಯನ್ನು ತರೋಕೆ ಜಾಹೀರಾತಿಗೆ 200. ಮೊದಲ ಆರ್ಡರ್‌ನಲ್ಲಿ 50 ರೂಪಾಯಿ ನಷ್ಟ. ಅದೇ ಗಿರಾಕಿ ಮುಂದಿನ ತಿಂಗಳು ತಾನಾಗಿಯೇ ಮತ್ತೆ ತರಿಸಿಕೊಂಡರೆ 150 ಲಾಭ. ಆದ್ದರಿಂದ ಅವನ ಪರದೆಯ ಮೇಲ್ಗಡೆ ದೊಡ್ಡದಾಗಿ ಇರಬೇಕಾದ್ದು ಒಟ್ಟು ಮಾರಾಟ ಅಲ್ಲ, ಮತ್ತೆ ಬಂದ ಗಿರಾಕಿಗಳ ಸಂಖ್ಯೆ. ಅದರ ಪಕ್ಕದಲ್ಲಿ ಸರಾಸರಿ ಬಿಲ್ಲು ಮತ್ತು ಹೊಸ ಗಿರಾಕಿಗೆ ಬಿದ್ದ ಖರ್ಚು. ಫಾಲೋವರ್ಸ್ ಎಷ್ಟು, ಲೈಕ್ ಎಷ್ಟು ಅನ್ನೋದಕ್ಕೆ ಜಾಗವೇ ಬೇಡ ಅಂತ ನನ್ನ ಅಭಿಪ್ರಾಯ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳೋದು

ಮೊದಲ ಅಳತೆಗೋಲು, ತುಂಬೋರು ಯಾರು, ಯಾವ ಹೊತ್ತಿಗೆ. ಅಂಗಡಿಯಲ್ಲಿ ಬಿಲ್ಲು ಹೊಡೆಯುವಾಗಲೇ ಅಂಕಿ ಸೇರಿಕೊಂಡರೆ ಒಳ್ಳೆಯದು. ರಾತ್ರಿ ಬಾಗಿಲು ಹಾಕಿದ ಮೇಲೆ ಯಾರಾದರೂ ಕೂತು ಟೈಪ್ ಮಾಡಬೇಕು ಅಂದರೆ, ಆ ಕೆಲಸ ಐದು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು. ಜಾಸ್ತಿ ಆದರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ನಾನು ಇದನ್ನು ಎಷ್ಟೋ ಕಡೆ ನೋಡಿದ್ದೇನೆ.

ಎರಡನೆಯದು ಕರೆಂಟು ಮತ್ತು ನೆಟ್‌ವರ್ಕ್. ಹಾಸನ ಪೇಟೆಯಲ್ಲಿ ಇದು ಅಷ್ಟು ದೊಡ್ಡ ವಿಷಯವಲ್ಲ. ಕಳಸ, ಕೊಪ್ಪ, ಮೂಡಿಗೆರೆ ಕಡೆ ಜುಲೈನಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿನ ಏನೂ ಇರೋದಿಲ್ಲ ಅನ್ನೋದು ಅಲ್ಲಿಯವರಿಗೆ ಗೊತ್ತು.

ಮೂರನೆಯದನ್ನು ಬಹಳ ಜನ ಯೋಚಿಸೋದೇ ಇಲ್ಲ. ನಮ್ಮದೇ ಒಂದು ಕಾಲಂ ಸೇರಿಸೋಕೆ ಆಗುತ್ತದೆಯೇ? ಬಹಳಷ್ಟು ರೆಡಿಮೇಡ್ ಡ್ಯಾಶ್‌ಬೋರ್ಡ್‌ಗಳು "ಹೋದ ವರ್ಷದ ಇದೇ ತಿಂಗಳಿಗಿಂತ ಎಷ್ಟು" ಅಂತ ತಾವಾಗಿಯೇ ಹೋಲಿಸುತ್ತವೆ. ಇಂಗ್ಲಿಷ್ ಕ್ಯಾಲೆಂಡರ್ ಹಿಡಿದು ಹೋಲಿಸುತ್ತವೆ. ಹಾಸನದಲ್ಲಿ ಅಕ್ಟೋಬರ್ ವ್ಯಾಪಾರ ಅಂದರೆ ಹಾಸನಾಂಬೆ ದರ್ಶನದ ವ್ಯಾಪಾರ. ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರ ತೆರೆಯುತ್ತದೆ. 2024ರಲ್ಲಿ ಅದು ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 9ಕ್ಕೆ. 2025ರ ಅಕ್ಟೋಬರ್ ಎರಡನೇ ವಾರವನ್ನು 2024ರ ಎರಡನೇ ವಾರಕ್ಕೆ ಹೋಲಿಸಿದರೆ ವ್ಯಾಪಾರ ಗಗನಕ್ಕೇರಿದ ಹಾಗೆ ಕಾಣುತ್ತದೆ. ಕೊನೇ ವಾರ ನೋಡಿದರೆ ಪಾತಾಳಕ್ಕೆ ಬಿದ್ದ ಹಾಗೆ. ಎರಡೂ ಸುಳ್ಳು. ಹಾಗೆಯೇ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ವಾರ ಸಕಲೇಶಪುರದ ಹೋಂಸ್ಟೇ ಖಾಲಿ ಹೊಡೆದರೆ ಅದು ಜಾಹೀರಾತಿನ ತಪ್ಪಲ್ಲ. "ಹಬ್ಬ, ಮಳೆ, ರಸ್ತೆ, ಸಾಲು ರಜೆ" ಅಂತ ಒಂದು ಕಾಲಂ ಇದ್ದರೆ ಆ ದಿನಗಳನ್ನು ಬೇರೆ ಮಾಡಿ ನೋಡಬಹುದು. ನನ್ನ ಮಟ್ಟಿಗೆ ಈ ಒಂದು ಕಾಲಂ ಹತ್ತು ಬಣ್ಣದ ಚಾರ್ಟಿಗಿಂತ ಹೆಚ್ಚು ಬೆಲೆಯದ್ದು.

ನಾಲ್ಕನೆಯದು ಖರ್ಚು. ತಿಂಗಳ ಬಾಡಿಗೆ ಮಾತ್ರ ಅಲ್ಲ, ಕೂರಿಸಿಕೊಡೋರ ಕೂಲಿ, ಕೆಟ್ಟಾಗ ಸರಿಮಾಡೋರ ಕೂಲಿ ಎಲ್ಲ ಸೇರಿ. ಐದನೆಯದು, ನೋಡೋರಿಗೆ ಅರ್ಥ ಆಗಬೇಕು. ಅಡುಗೆ ಮನೆಯ ಅಕ್ಕಂದಿರಿಗೂ, ಅಂಗಡಿ ಹುಡುಗನಿಗೂ ಕನ್ನಡದಲ್ಲಿ, ಮೊಬೈಲಿನಲ್ಲಿ ಕಾಣಬೇಕು.

ಒಂದೊಂದಾಗಿ ನೋಡೋಣ

*ಗೋಡೆಯ ಬಿಳಿ ಬೋರ್ಡು ಮತ್ತು ನೋಟ್‌ಬುಕ್.* ಇದನ್ನು ನಾನು ಪಟ್ಟಿಗೆ ಗಂಭೀರವಾಗಿಯೇ ಸೇರಿಸಿದ್ದೇನೆ. ಕರೆಂಟು ಬೇಡ, ನೆಟ್ ಬೇಡ, ಎಲ್ಲರಿಗೂ ಕಾಣುತ್ತದೆ. ಮೂರು ರೂಮಿನ ಹೋಂಸ್ಟೇಗೆ, ತಿಂಗಳಿಗೆ ಇಪ್ಪತ್ತು ಬುಕಿಂಗ್ ಇರೋರಿಗೆ ಇಷ್ಟು ಸಾಕು. ತೊಡಕು ಏನೆಂದರೆ ಹಿಂದಿನ ವರ್ಷದ್ದನ್ನು ಹುಡುಕಿ ಕೂಡಿಸೋಕೆ ಒಂದು ದಿನ ಬೇಕು. ಮಾಲೀಕರು ಬೆಂಗಳೂರಿಗೆ ಹೋದರೆ ಬೋರ್ಡು ಇಲ್ಲೇ ಉಳಿಯುತ್ತದೆ.

*ಬಿಲ್ಲಿಂಗ್ ಸಾಫ್ಟ್‌ವೇರಿನ ಒಳಗಿನ ವರದಿ.* ಟ್ಯಾಲಿ, ವ್ಯಾಪಾರ್ ಮೊದಲಾದವನ್ನು ಬಳಸೋರು ಹೊಸದನ್ನು ಕೊಳ್ಳುವ ಮೊದಲು ಇದನ್ನೊಮ್ಮೆ ತೆರೆದು ನೋಡಿ. ಟ್ಯಾಲಿಪ್ರೈಮ್‌ನಲ್ಲೇ ಈಗ ಡ್ಯಾಶ್‌ಬೋರ್ಡ್ ಇದೆ. ದಿನದ ಮಾರಾಟ, ಬರಬೇಕಾದ ಬಾಕಿ, ಯಾವ ಸರಕು ಎಷ್ಟು ಹೋಯಿತು ಅನ್ನೋದು ಯಾರೂ ಎರಡನೇ ಸಲ ಟೈಪ್ ಮಾಡದೆ ಸಿಗುತ್ತದೆ. ತುಂಬುವ ಕೆಲಸ ಬಿಲ್ಲಿನ ಜೊತೆಯಲ್ಲೇ ಮುಗಿಯೋದರಿಂದ ನನ್ನ ಮೊದಲ ಅಳತೆಗೋಲಿನಲ್ಲಿ ಇದಕ್ಕೆ ಪೂರ್ತಿ ಅಂಕ. ಇದಕ್ಕೆ ಗೊತ್ತಿಲ್ಲದ್ದು ಮಾರ್ಕೆಟಿಂಗ್. ಗಿರಾಕಿ ಜಾಹೀರಾತು ನೋಡಿ ಬಂದರೋ, ಪಕ್ಕದ ಮನೆಯವರು ಹೇಳಿ ಬಂದರೋ ಬಿಲ್ಲಿನಲ್ಲಿ ಇರೋದಿಲ್ಲ.

*ಗೂಗಲ್ ಶೀಟ್ಸ್.* ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಹೆಚ್ಚಿನವರಿಗೆ ಇದೇ ಸರಿಹೋಗುತ್ತದೆ. ಜಿಮೇಲ್ ಇದ್ದರೆ ಬಿಟ್ಟಿ. ಒಂದು ಶೀಟ್ ಫೈಲಿನಲ್ಲಿ 1 ಕೋಟಿ ಸೆಲ್ ಹಿಡಿಯುತ್ತದೆ, ಸಣ್ಣ ಅಂಗಡಿಗೆ ಅದು ಬಹಳ ವರ್ಷ ಸಾಕು. ಕಾಲಂ ಹೆಸರು ಕನ್ನಡದಲ್ಲೇ ಇಡಬಹುದು. ಮೊಬೈಲ್ ಆ್ಯಪಿನಲ್ಲಿ ಫೈಲನ್ನು ಆಫ್‌ಲೈನ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ತುಂಬಬಹುದು, ನೆಟ್ ಬಂದಾಗ ಸೇರಿಕೊಳ್ಳುತ್ತದೆ. ಗೂಗಲ್ ಫಾರ್ಮ್ ಇಟ್ಟರೆ ತುಂಬೋದು ಇನ್ನೂ ಸುಲಭ, ಆದರೆ ಫಾರ್ಮಿಗೆ ನೆಟ್ ಬೇಕೇ ಬೇಕು. ಅದಕ್ಕೇ ಅಕ್ಕನಿಗೆ ಶೀಟ್ ಕೊಟ್ಟೆ, ಹಾಸನದ ಗೆಳೆಯನಿಗೆ ಫಾರ್ಮ್.

ಅಕ್ಕನ ಶೀಟಿನಲ್ಲಿ ಎಂಟೇ ಕಾಲಂ: ತಾರೀಖು, ಎಷ್ಟು ಜನ, ಎಷ್ಟು ರಾತ್ರಿ, ಬಂದ ಹಣ, ಕೊಟ್ಟ ಕಮಿಷನ್, ಹೇಗೆ ಗೊತ್ತಾಯಿತು, ಬುಕ್ ಆಯಿತೋ ಇಲ್ಲವೋ, ಮತ್ತೆ ಆ ಹಬ್ಬ-ಮಳೆ ಕಾಲಂ. "ಹೇಗೆ ಗೊತ್ತಾಯಿತು" ಅನ್ನೋದನ್ನು ಟೈಪ್ ಮಾಡಿಸಬೇಡಿ. ಒಬ್ಬರು "ಇನ್‌ಸ್ಟಾ" ಅಂತ ಬರೆಯುತ್ತಾರೆ, ಇನ್ನೊಬ್ಬರು "ಇನ್‌ಸ್ಟಾಗ್ರಾಂ" ಅಂತ, ಎರಡೂ ಬೇರೆ ಬೇರೆ ಲೆಕ್ಕಕ್ಕೆ ಹೋಗುತ್ತವೆ. ಆರಿಸಿಕೊಳ್ಳುವ ಪಟ್ಟಿ ಇಡಿ: ಬುಕಿಂಗ್ ಸೈಟು, ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್, ಹಳೇ ಅತಿಥಿ, ಪರಿಚಯದವರು, ಡ್ರೈವರ್. ಎರಡನೇ ಹಾಳೆಯಲ್ಲಿ ಪಿವೋಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ತಾನಾಗಿ ಕೂಡಿಸಿ ತೋರಿಸುವ ಪಟ್ಟಿ) ಮತ್ತು ಎರಡು ಚಾರ್ಟ್ ಹಾಕಿದರೆ ಡ್ಯಾಶ್‌ಬೋರ್ಡ್ ಸಿದ್ಧ. ಇದರ ತೊಡಕು, ಯಾರಾದರೂ ಸೂತ್ರ ಇರುವ ಸೆಲ್ ಅಳಿಸಿದರೆ ಲೆಕ್ಕವೆಲ್ಲ ಕೆಡುತ್ತದೆ. ಆ ಹಾಳೆಗೆ ಬೀಗ ಹಾಕುವ ಅನುಕೂಲ ಇದೆ, ಮೊದಲ ದಿನವೇ ಹಾಕಿಬಿಡಿ. ಜಾಹೀರಾತಿನ ಖರ್ಚನ್ನು ವಾರಕ್ಕೊಮ್ಮೆ ಕೈಯಿಂದಲೇ ತುಂಬಬೇಕು, ಅದೊಂದು ಕೆಲಸ.

*ಲುಕರ್ ಸ್ಟುಡಿಯೋ.* 2022ರವರೆಗೆ ಇದರ ಹೆಸರು ಡೇಟಾ ಸ್ಟುಡಿಯೋ. ಗೂಗಲ್‌ನದ್ದೇ, ಸಾಮಾನ್ಯ ಬಳಕೆಗೆ ಬಿಟ್ಟಿ. ಶೀಟಿನ ಅಂಕಿಯನ್ನು ಚಾರ್ಟ್ ಮಾಡಿ ತೋರಿಸುತ್ತದೆ, ಶೀಟಿನ ಮೇಲೆ ಹೊದಿಸುವ ಒಳ್ಳೆಯ ಹೊದಿಕೆ ಅನ್ನಬಹುದು. ಶೀಟಿನಲ್ಲಿ ಬರೆದದ್ದು ಸುಮಾರು 15 ನಿಮಿಷಕ್ಕೊಮ್ಮೆ ಇಲ್ಲಿ ಹೊಸದಾಗುತ್ತದೆ. ನೋಡೋರು ಲಿಂಕ್ ಒತ್ತಿದರೆ ಸಾಕು, ಮೂಲ ಶೀಟನ್ನು ಮುಟ್ಟೋಕೆ ಆಗೋದಿಲ್ಲ. ಗೂಗಲ್ ಜಾಹೀರಾತು, ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್, ಗೂಗಲ್ ಹುಡುಕಾಟದಲ್ಲಿ ಸೈಟು ಎಷ್ಟು ಸಲ ಕಂಡಿತು ಅಂತ ತೋರಿಸುವ ಸರ್ಚ್ ಕನ್ಸೋಲ್ ಎಲ್ಲ ನೇರ ಜೋಡಿಸಬಹುದು, ದುಡ್ಡಿಲ್ಲ. ಆದರೆ ನಮ್ಮ ಕಡೆ ಹೆಚ್ಚಿನವರು ದುಡ್ಡು ಹಾಕೋದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ. ಅದನ್ನು ನೇರ ತರೋಕೆ ಬೇರೆ ಕಂಪನಿಗಳ ಕನೆಕ್ಟರ್ (ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಗೆ ತಾನಾಗಿ ತರುವ ಜೋಡಣೆ) ಬೇಕು, ಅವಕ್ಕೆ ಸಾಮಾನ್ಯವಾಗಿ ತಿಂಗಳ ಬಾಡಿಗೆ ಇರುತ್ತದೆ. ಬಿಟ್ಟಿ ಅಂತ ಶುರು ಮಾಡಿದ್ದು ಇಲ್ಲಿ ಖರ್ಚಿಗೆ ತಿರುಗುತ್ತದೆ. ತಿಂಗಳಿಗೆ 6,000 ಜಾಹೀರಾತು ಹಾಕೋರು ಆ ಒಂದು ಅಂಕಿಗೋಸ್ಕರ ಕನೆಕ್ಟರ್ ಕೊಳ್ಳೋದು ಬೇಡ, ಕೈಯಲ್ಲೇ ಬರೆಯಿರಿ. ಸ್ವಂತ ವೆಬ್‌ಸೈಟು ಇದ್ದು ಅಲ್ಲೇ ಆರ್ಡರ್ ಬರೋರಿಗೆ ಮಾತ್ರ ಲುಕರ್ ಸ್ಟುಡಿಯೋ ನಿಜವಾಗಿ ಕೆಲಸಕ್ಕೆ ಬರುತ್ತದೆ.

*ಪವರ್ ಬಿಐ.* ಮೈಕ್ರೋಸಾಫ್ಟ್‌ನದ್ದು, ಬೇರೆ ಬೇರೆ ಕಡೆಯ ಲೆಕ್ಕ ಸೇರಿಸಿ ಚಾರ್ಟ್ ಮಾಡುವ, ಬಹಳ ಶಕ್ತಿ ಇರುವ ಸಾಧನ. ಮೂರು ನಾಲ್ಕು ಅಂಗಡಿ, ಗೋದಾಮು, ವರ್ಷಗಟ್ಟಲೆ ಟ್ಯಾಲಿ ಲೆಕ್ಕ ಇರೋರಿಗೆ ಇದರ ಲಾಭ ಗೊತ್ತಾಗುತ್ತದೆ. ಡೆಸ್ಕ್‌ಟಾಪ್ ಆವೃತ್ತಿ ಬಿಟ್ಟಿ, ಆದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಮಾಡಿದ್ದನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಕಾದರೆ ಪ್ರೊ ಲೈಸೆನ್ಸ್ ಬೇಕು, ಸಾಮಾನ್ಯವಾಗಿ ನೋಡೋರಿಗೂ ಬೇಕು. 2025ರ ಏಪ್ರಿಲ್‌ನಲ್ಲಿ ಅದರ ದರ ಒಬ್ಬರಿಗೆ ತಿಂಗಳಿಗೆ 10 ಡಾಲರ್‌ನಿಂದ 14 ಡಾಲರ್ ಆಯಿತು. ಅಣ್ಣ, ತಮ್ಮ, ಮ್ಯಾನೇಜರ್ ಮೂವರು ಅಂದರೆ 42 ಡಾಲರ್. ಇನ್ನೊಂದು ತೊಡಕು, ಸಾಮಾನ್ಯ ಜಿಮೇಲ್ ವಿಳಾಸದಿಂದ ಖಾತೆ ತೆರೆಯೋಕೆ ಬಿಡೋದಿಲ್ಲ, ಕಂಪನಿಯ ಸ್ವಂತ ಇಮೇಲ್ ಕೇಳುತ್ತದೆ. ಟ್ಯಾಲಿ ಅಂಗಡಿಯ ಕಂಪ್ಯೂಟರಿನಲ್ಲಿದ್ದರೆ, ಅಂಕಿ ತಾನಾಗಿ ಹೊಸದಾಗೋಕೆ ಗೇಟ್‌ವೇ (ಆ ಕಂಪ್ಯೂಟರಿನ ಮಾಹಿತಿಯನ್ನು ಪವರ್ ಬಿಐಗೆ ತಲುಪಿಸುವ ಸಾಫ್ಟ್‌ವೇರ್) ಹಾಕಬೇಕು, ಆ ಹೊತ್ತಿಗೆ ಆ ಕಂಪ್ಯೂಟರ್ ಆನ್ ಇರಬೇಕು. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಲೈಸೆನ್ಸ್ ದುಡ್ಡು ಉಳಿಸೋಕೆ ಅಂತ ಕೆಲವರು "ವೆಬ್‌ಗೆ ಪ್ರಕಟಿಸಿ" ಅನ್ನುವ ಆಯ್ಕೆ ಒತ್ತುತ್ತಾರೆ. ಒತ್ತಿದರೆ ನಿಮ್ಮ ಲೆಕ್ಕ ಇಡೀ ಲೋಕಕ್ಕೆ ತೆರೆದಿಟ್ಟ ಹಾಗೆ. ದಯವಿಟ್ಟು ಬೇಡ.

*ಜೋಹೊ ಅನಲಿಟಿಕ್ಸ್.* ಚೆನ್ನೈನ ಕಂಪನಿಯದ್ದು, ಇದೂ ಚಾರ್ಟ್, ವರದಿ ಮಾಡಿಕೊಡುವ ಸಾಧನ. ಫೇಸ್‌ಬುಕ್ ಜಾಹೀರಾತು, ಗೂಗಲ್ ಜಾಹೀರಾತು, ಅದೇ ಕಂಪನಿಯ ಲೆಕ್ಕಪತ್ರದ ಸಾಫ್ಟ್‌ವೇರ್ ಜೋಹೊ ಬುಕ್ಸ್ ಇವಕ್ಕೆಲ್ಲ ಕನೆಕ್ಟರ್ ಒಳಗೇ ಇದೆ. ಅಂದರೆ ಲುಕರ್ ಸ್ಟುಡಿಯೋದಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಇದು ಸಲೀಸು. ದರ ಎಷ್ಟು ಜನ ಬಳಸುತ್ತೀರಿ, ಎಷ್ಟು ಸಾಲು ಮಾಹಿತಿ ಇದೆ ಅನ್ನೋದರ ಮೇಲೆ. ವ್ಯಾಪಾರ ಬೆಳೆದ ಹಾಗೆ ಸಾಲು ಬೆಳೆಯುತ್ತದೆ, ದರವೂ ಮೇಲಿನ ಹಂತಕ್ಕೆ ಹೋಗುತ್ತದೆ, ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಈಗಾಗಲೇ ಜೋಹೊ ಬುಕ್ಸ್‌ನಲ್ಲಿ ಬಿಲ್ಲು ಮಾಡೋರಿಗೆ ನಾನು ಬೇರೆ ಯಾವುದನ್ನೂ ಹೇಳೋದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟದ ಅಂಕಿ ತೋರಿಸುವ ಮೆಟಾ ಬಿಸಿನೆಸ್ ಸೂಟ್, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ವಿವರ ಇಡುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಎರಡೂ ಬಿಟ್ಟಿ ಸಿಗುತ್ತವೆ. ಗೂಗಲ್‌ನದ್ದು ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ದಾರಿ ಕೇಳಿದರು ಅಂತ ತೋರಿಸುತ್ತದೆ. ಬೇಲೂರು, ಹಳೇಬೀಡಿಗೆ ಬಂದವರು ದಾರಿಯಲ್ಲಿ ಕಾಫಿಪುಡಿ ಹುಡುಕುತ್ತಾರೆ ಅಲ್ವಾ, ಅಂಥ ಅಂಗಡಿಗಳಿಗೆ ಆ "ದಾರಿ ಕೇಳಿದವರು" ಅನ್ನುವ ಅಂಕಿ ಮುಖ್ಯ. ತಿಂಗಳಿಗೊಮ್ಮೆ ನೋಡಿ ಶೀಟಿಗೆ ಬರೆದುಕೊಂಡರೆ ಸಾಕು.

ಯಾರಿಗೆ ಯಾವುದು

ಖರ್ಚು ಮಾಡೋಕೆ ಮನಸ್ಸಿಲ್ಲ, ನೆಟ್ ಸರಿಯಿಲ್ಲ, ರೂಮು ಆರರ ಒಳಗೆ ಅನ್ನೋರು ನೋಟ್‌ಬುಕ್ಕಿನ ಜೊತೆ ಶೀಟ್ ಇಡಿ. ರಾತ್ರಿ ಬರೆದದ್ದನ್ನು ಸೋಮವಾರ, ಅತಿಥಿಗಳು ಇಳಿದು ಹೋದ ಮೇಲೆ ತುಂಬಿ. ಅಂಗಡಿ ಒಂದೇ, ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ ಅನ್ನೋರು ಅದರ ವರದಿಯನ್ನೇ ನೋಡಿ, "ಹೇಗೆ ಗೊತ್ತಾಯಿತು" ಅನ್ನೋದಕ್ಕೆ ಮಾತ್ರ ಒಂದು ಫಾರ್ಮ್ ಇಡಿ. ಕೊರಿಯರ್ ವ್ಯಾಪಾರ ಅಂಗಡಿ ವ್ಯಾಪಾರದ ಅರ್ಧಕ್ಕೆ ಬಂದು, ಜಾಹೀರಾತು ಎರಡು ಮೂರು ಕಡೆ ಹಂಚಿಹೋಗಿದ್ದರೆ ಆಗ ಜೋಹೊ ಅಥವಾ ಲುಕರ್ ಸ್ಟುಡಿಯೋ ಯೋಚಿಸಿ. ಪವರ್ ಬಿಐ ಬೇಕಾಗೋದು ಅದನ್ನು ಕಲಿತವರು ಮನೆಯಲ್ಲೋ ಆಫೀಸಿನಲ್ಲೋ ಇದ್ದಾಗ. ಮಗಳು ಕಾಲೇಜಿನಲ್ಲಿ ಕಲಿತಿದ್ದಾಳೆ ಅಂದರೆ ಧಾರಾಳವಾಗಿ ಹಾಕಿ. ಹೊರಗಿನವರನ್ನು ಕರೆಸಿ ಮಾಡಿಸಿಕೊಂಡರೆ ಪ್ರತಿ ಸಣ್ಣ ಬದಲಾವಣೆಗೂ ಅವರಿಗೆ ಫೋನ್ ಮಾಡಬೇಕಾಗುತ್ತದೆ.

ಹೊಸದನ್ನು ಸುಗ್ಗಿಯಲ್ಲಿ ಶುರು ಮಾಡಬೇಡಿ. ಡಿಸೆಂಬರ್‌ನಿಂದ ತೋಟದಲ್ಲಿ ಕೊಯ್ಲು, ಹೋಂಸ್ಟೇಯಲ್ಲಿ ಕ್ರಿಸ್‌ಮಸ್ ರಜೆಯ ಜನ, ಯಾರಿಗೂ ಪುರುಸೊತ್ತಿರೋದಿಲ್ಲ. ಮಳೆಗಾಲದ ಬಿಡುವಿನಲ್ಲಿ ಕೂತು ಮಾಡಿ, ದಸರಾ ರಜೆಯಲ್ಲಿ ಪರೀಕ್ಷೆ ಮಾಡಿ.

ಅತಿಥಿಗಳ ಹೆಸರು, ಫೋನ್ ನಂಬರು ಡ್ಯಾಶ್‌ಬೋರ್ಡಿಗೆ ಬೇಡ. ಅವು ಮೂಲ ರಿಜಿಸ್ಟರಿನಲ್ಲಿ ಇರಲಿ, ಇಲ್ಲಿ ಎಣಿಕೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇದರಲ್ಲಿ ಎಚ್ಚರ ಬೇಕು. ಮತ್ತೆ ಬಂದ ಗಿರಾಕಿಯನ್ನು ಗುರುತಿಸೋಕೆ ಒಂದು ಗಿರಾಕಿ ಸಂಖ್ಯೆ ಕೊಟ್ಟರೆ ಆಯಿತು.

ಯಾವುದನ್ನೇ ಆರಿಸಿದರೂ ಖಾತೆಯನ್ನು ನಿಮ್ಮ ಇಮೇಲಿನಲ್ಲೇ, ನಿಮ್ಮ ಫೋನ್ ನಂಬರಿನಲ್ಲೇ ತೆರೆಸಿ. ನನ್ನ ಪರಿಚಯದ ಒಂದು ಅಂಗಡಿಗೆ ಡ್ಯಾಶ್‌ಬೋರ್ಡ್ ಮಾಡಿಕೊಟ್ಟವರು ತಮ್ಮದೇ ಖಾತೆಯಲ್ಲಿ ಮಾಡಿದ್ದರು. ಎರಡು ವರ್ಷ ಆದ ಮೇಲೆ ಆ ಕೆಲಸ ಬಿಟ್ಟು ಬೇರೆ ಊರಿಗೆ ಹೋದರು, ಫೋನ್ ತೆಗೆಯಲಿಲ್ಲ. ಲಿಂಕ್ ತೆರೆದರೆ "ನಿಮಗೆ ಅನುಮತಿ ಇಲ್ಲ" ಅಂತ ಬರುತ್ತಿತ್ತು. ಎರಡು ಹಬ್ಬದ, ಎರಡು ಸುಗ್ಗಿಯ ಲೆಕ್ಕ ಅದರೊಳಗಿತ್ತು. ನಾವು ಹಳೇ ಬಿಲ್ಲು ಪುಸ್ತಕದ ಕಾರ್ಬನ್ ಪ್ರತಿಗಳನ್ನು ಗೋಣಿಚೀಲದಿಂದ ತೆಗೆದು, ಆ ಅಂಗಡಿಯ ಅಜ್ಜಿ ಅಂಕಿ ಓದುತ್ತಾ, ನಾನು ಟೈಪ್ ಮಾಡುತ್ತಾ, ಹನ್ನೊಂದು ಸಂಜೆ ಕೂತು ಮತ್ತೆ ತುಂಬಿದೆವು. ಆ ಶೀಟು ಈಗ ಅಜ್ಜಿಯ ಮೊಮ್ಮಗನ ಖಾತೆಯಲ್ಲಿದೆ. ತಿಂಗಳ ಒಂದನೇ ತಾರೀಖು ಅದರ ಒಂದು ಪ್ರತಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ ಗಲ್ಲಾಪೆಟ್ಟಿಗೆಯಲ್ಲಿ ಇಡುತ್ತಾನೆ.